ಸದ್ದಿಗೆ ಮುನ್ನ ನಿಶ್ಶಬ್ದ

ವೀಣೆಯ ತಂತಿಯನ್ನು ಮೀಟಿದೊಡನೆ ಹೊಮ್ಮುವ ನಾದವನ್ನು ಎಂಥ ಯಂತ್ರವಾದರೂ ಕೇಳಿಸೀತು. ಆ ನಾದವು ಕ್ಷೀಣಿಸುತ್ತ ಕ್ಷೀಣಿಸುತ್ತ ಮೌನದಲ್ಲಿ ಲೀನವಾಗುವ ಬಗೆಯನ್ನು ಕೇಳಿಸುವುದು ಎಲ್ಲ ಯಂತ್ರಗಳ ಅಳವಲ್ಲ. ವಿದ್ವಾನ್ ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಆ ಕೊನೆಯ ಎಳೆಯೇ. ಮನೆಯಲ್ಲಿರುವ ವಾಲ್ವಿನ ಪ್ರೀ-ಆಂಪ್ಲಿಫೈಯರಿನ ಯೋಗ್ಯತೆಯನ್ನು ನಾನು ಅಳೆಯುವುದೂ ಅದರಿಂದಲೇ.

ವಾಲ್ವು ನಮ್ಮ ಊರಿಗೆ ಪರಕೀಯವಾದ ವಸ್ತುವೇನಲ್ಲ. 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ನಾನಿರುವ ಮಹದೇವಪುರಕ್ಕೆ ಸಮೀಪದ ದೂರವಾಣಿನಗರದಲ್ಲಿ 1948ರಿಂದಲೇ ಟೆಲಿಫೋನ್ ಕಾರ್ಖಾನೆಯಿತ್ತು. ದನಿಯನ್ನು ತಂತಿಗೆ ಒಪ್ಪಿಸುವ ವಿದ್ಯೆ ಇಲ್ಲಿಯ ಮಣ್ಣಿಗೆ ಹಳೆಯ ಪರಿಚಯ.

ಪ್ರೀ-ಆಂಪ್ಲಿಫೈಯರಿನ ಹೊಣೆ ಸಣ್ಣದಲ್ಲ. ಗ್ರಾಮಫೋನಿನ ಮುಳ್ಳಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಐದು ಪಾಲಿನಷ್ಟು ಮಾತ್ರ. ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು. ಅಲ್ಲದೆ, ಧ್ವನಿಮುದ್ರಿಕೆ ಕೊರೆಯುವಾಗ ಮಂದ್ರಸ್ವರಗಳನ್ನು ತಗ್ಗಿಸಿ ತಾರಸ್ವರಗಳನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುಗುಮುರುಗಾಗಿಸಿ ಸಮಗೊಳಿಸಬೇಕು. ಸೆಕೆಂಡಿಗೆ 50 ಸಲ ಕಂಪಿಸುವ ಸ್ವರವು 1,000 ಸಲ ಕಂಪಿಸುವ ಸ್ವರಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಕಂಪನವೂ 50 ತಾನೆ! ಸಂಗೀತಕ್ಕಾಗಿ ತೆರೆದ ಬಾಗಿಲಿನಿಂದಲೇ ಗುಂಯ್‌ಗುಡುವಿಕೆಯೂ ಒಳನುಗ್ಗುತ್ತದೆ. ವೀಣೆಯ ಕೊನೆಯ ಎಳೆಯನ್ನು ನುಂಗುವುದು ಅದೇ.

ಆದುದರಿಂದ ಒಳ್ಳೆಯ ಸದ್ದನ್ನು ಬಯಸುವವನು ಮೊದಲು ನಿಶ್ಶಬ್ದವನ್ನು ಸಾಧಿಸಬೇಕು. ನಾನು ಅನುಸರಿಸುವ ಕ್ರಮ ಸರಳವಾದುದು. ಧ್ವನಿಮುದ್ರಿಕೆಯನ್ನು ಹಾಕದೆ ದನಿಯ ತಿರುಪನ್ನು ಏರಿಸಿ ಕಿವಿಗೊಡುತ್ತೇನೆ. ಒಳಬರುವ ತಂತಿಯನ್ನು ತೆಗೆದು ಆ ದ್ವಾರವನ್ನು ಮುಚ್ಚುಬಿರಡೆಯಿಂದ ಭೂಮಿಗೆ ಸೇರಿಸಿದಾಗ ಗುಂಯ್‌ಗುಡುವಿಕೆ ನಿಂತರೆ ದೋಷ ಹೊರಗಿನ ತಂತಿಯಲ್ಲಿದೆ, ನಿಲ್ಲದಿದ್ದರೆ ಒಳಗಿದೆ. ಹೊರಗಿನದಾದರೆ ತಂತಿಯನ್ನು ಮೋಟು ಮಾಡಿ, ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಬೇಕು. ಒಳಗಿನದಾದರೆ ಭೂಸಂಪರ್ಕದ ತಂತಿಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಿವೆಯೇ, ವಾಲ್ವನ್ನು ಕಾಯಿಸುವ ಜೋಡಿ ತಂತಿಗಳನ್ನು ಹೆಣೆದಿದೆಯೇ ಎಂದು ಪರೀಕ್ಷಿಸಬೇಕು. ಹಳೆಯ ಯಂತ್ರವಾದರೆ ಸೋರುವ ಕೆಪ್ಯಾಸಿಟರುಗಳನ್ನು ಬದಲಾಯಿಸುವುದೂ ಅಗತ್ಯ.

ವಾಲ್ವಿನ ಸರದಿ ಅನಂತರದ್ದು. ಪೆನ್ಸಿಲಿನ ತುದಿಯಿಂದ ಮೆಲ್ಲಗೆ ತಟ್ಟಿದರೆ ಕೆಲವು ವಾಲ್ವುಗಳು ಗಂಟೆಯಂತೆ ಅನುರಣಿಸುತ್ತವೆ. ಅಂಥದನ್ನು ಮೊದಲ ಸ್ಥಾನದಲ್ಲಿ ಇರಿಸಬಾರದು. ಇಸಿಸಿ 83 ಸುಮಾರು ನೂರು ಪಟ್ಟು ವರ್ಧಿಸಬಲ್ಲುದು. ಅದೇ ರೂಪದ ಇಸಿಸಿ 82 ಇಪ್ಪತ್ತು ಪಟ್ಟನ್ನೂ ಮುಟ್ಟದು. ಕಾಲುಗಳು ಒಂಬತ್ತೇ ಆದರೂ ಒಂದರ ಎಡೆಯಲ್ಲಿ ಇನ್ನೊಂದನ್ನು ಕೂರಿಸುವುದು ಸರಿಯಲ್ಲ.

ಒಂದು ಎಚ್ಚರಿಕೆಯ ಮಾತು. ಈ ಪೆಟ್ಟಿಗೆಯೊಳಗೆ 250 ವೋಲ್ಟಿಗೂ ಮಿಕ್ಕ ವಿದ್ಯುತ್ತು ಇರಬಹುದು; ಗುಂಡಿಯನ್ನು ಆರಿಸಿದ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಹೊಂಚಿರುತ್ತದೆ. ಬಲ್ಲವರಲ್ಲದೆ ಅನ್ಯರು ಮುಚ್ಚಳ ತೆಗೆಯಬಾರದು. ಗುಂಯ್‌ಗುಡುವಿಕೆಯನ್ನು ಅಡಗಿಸಲೆಂದು ರಕ್ಷಣೆಯ ಭೂಸಂಪರ್ಕವನ್ನು ಕಡಿದುಹಾಕುವುದಂತೂ ಪ್ರಾಣದೊಡನೆ ಆಡುವ ಆಟ.

ದುಬಾರಿ ವಾಲ್ವಿಗಾಗಿ ಹಣ ಕೂಡಿಸುವ ತರುಣ ಮಿತ್ರರಿಗೆ ನಾನು ಹೇಳುವುದಿಷ್ಟೆ: ಮೊದಲು ಮುಳ್ಳನ್ನು ನೋಡಿರಿ. ವಾಲ್ವು ಕೆಟ್ಟರೆ ಇನ್ನೊಂದು ದೊರೆತೀತು. ಸವೆದ ಮುಳ್ಳು ಹಳೆಯ ಧ್ವನಿಮುದ್ರಿಕೆಯ ಗೆರೆಯನ್ನು ಪ್ರತಿಯೊಂದು ಸುತ್ತಿನಲ್ಲಿಯೂ ಹೆರೆಯುತ್ತದೆ. ಹಾಗೆ ಹೆರೆದುಹೋದ ವಿದ್ವಾಂಸನ ಗಮಕವನ್ನು ಯಾವ ಯಂತ್ರವೂ ಮರಳಿ ತಂದುಕೊಡಲಾರದು.