ಮೆಟ್ಟಿಲ ಕೆಳಗಿನ ಸಂಸಾರ

ಬೆಂಗಳೂರಿನ ಯಾವುದೇ ಬಡಾವಣೆಯ ಮೂರ್ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದರ ಗೇಟು ದಾಟಿ ಒಳಗೆ ಹೋಗಿ. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಮೆಟ್ಟಿಲ ಕೆಳಗೋ ಮೀಟರ್ ಬೋರ್ಡಿನ ಪಕ್ಕದಲ್ಲೋ ಪುಟ್ಟ ಕೋಣೆಯೊಂದು ಕಂಡೀತು. ಒಂದು ಗ್ಯಾಸ್ ಒಲೆ, ಒಂದು ಟ್ರಂಕು, ಹಗ್ಗದ ಮೇಲೆ ಒಣಗುತ್ತಿರುವ ಮಕ್ಕಳ ಯೂನಿಫಾರಂ. ಕಟ್ಟಡದ ವಾಚ್‌ಮನ್ ಸಂಸಾರ ಹೂಡಿರುವುದು ಇಲ್ಲಿಯೇ. ಈಚೆಗೆ ಇವನಿಗೆ ಕೇರ್‌ಟೇಕರ್ ಎಂಬ ಹೆಸರು ಬಂದಿದೆ. ಹೆಸರು ದೊಡ್ಡದಾಗಿದೆ; ಕೋಣೆ ಮಾತ್ರ ಅಷ್ಟೇ ಇದೆ.

ಇವನ ಕೆಲಸ ಗೇಟು ಕಾಯುವುದಷ್ಟೇ ಎಂದುಕೊಂಡರೆ ತಪ್ಪಾದೀತು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಸಾಗಿ, ಸುಮಾರು 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. ಆದರೆ ನೆಲದಡಿಯ ಸಂಪಿನಿಂದ ತಾರಸಿಯ ಟ್ಯಾಂಕಿಗೆ ಅದನ್ನು ಹತ್ತಿಸುವವನು ಇವನೇ. ಎಷ್ಟೋ ರಸ್ತೆಗಳಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಕೆಲವೆಡೆ ನಡುರಾತ್ರಿ. ಸಂಪು ಬರಿದಾಗಿ ಮೋಟರು ಓಡಿದರೆ ಸುಟ್ಟುಹೋಗುತ್ತದೆ; ಟ್ಯಾಂಕು ತುಂಬಿದ ಮೇಲೂ ಓಡಿದರೆ ನೀರು ಪೋಲಾಗುತ್ತದೆ. ಹೀಗಾಗಿ ಇವನ ನಿದ್ದೆ ತುಂಡು ತುಂಡು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ಹಾದಿ ಕಾದವರೂ ಇವರೇ. ಇದರ ಮೇಲೆ ಕಾರು ಒರೆಸುವುದು, ಕಸ ಸಾಗಿಸುವುದು, ಲಿಫ್ಟ್ ನಿಂತರೆ ಓಡುವುದು. ಮೆಟ್ಟಿಲು ಗುಡಿಸುವುದು ಹೆಂಡತಿಯ ಪಾಲು. ದುಡಿಯುವ ಕೈಗಳು ನಾಲ್ಕು. ಎಷ್ಟೋ ಕಡೆ ಸಂಬಳ ಒಂದೇ.

‘ಇರೋದಕ್ಕೆ ಮನೆ ಕೊಟ್ಟಿದ್ದೀವಲ್ಲ’ ಎಂಬುದು ಮಾಲೀಕರ ಉತ್ತರ. ಇಂದಿನ ಬಾಡಿಗೆಯಲ್ಲಿ ಅದು ಸಣ್ಣ ಉಪಕಾರವಲ್ಲ, ನಿಜ. ಆದರೆ ತೊಡಕಿರುವುದೂ ಅಲ್ಲೇ. ಕಾರ್ಖಾನೆಯವನು ಸೈರನ್ ಕೂಗಿದ ಮೇಲೆ ಮನೆಗೆ ಹೋಗುತ್ತಾನೆ. ಇವನ ಮನೆಯೇ ಕೆಲಸದ ಜಾಗ. ಊಟಕ್ಕೆ ಕುಳಿತಾಗಲೂ ಹಾರ್ನ್ ಕೇಳಿದರೆ ಏಳಲೇಬೇಕು.

ಇನ್ನೊಂದು ಮಾತು. ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಗೋವಾದ ಮನೆಯೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಸ್ಪಷ್ಟವಾಗಿ ಹೇಳಿದೆ: ಕೇರ್‌ಟೇಕರ್, ವಾಚ್‌ಮನ್ ಅಥವಾ ಆಳು ಎಷ್ಟೇ ವರ್ಷ ವಾಸವಿದ್ದರೂ ಆ ಆಸ್ತಿಯ ಮೇಲೆ ಹಕ್ಕು ಬರುವುದಿಲ್ಲ, ಕೇಳಿದ ಕೂಡಲೇ ಬಿಟ್ಟುಕೊಡಬೇಕು. ನಂಬಿ ಒಳಗೆ ಬಿಟ್ಟವನೇ ಮನೆ ಹಿಡಿದುಕೊಂಡರೆ ಮಾಲೀಕನ ಗತಿಯೇನು? ಆ ದೃಷ್ಟಿಯಿಂದ ತೀರ್ಪು ನ್ಯಾಯವೇ. ಬಾಡಿಗೆದಾರನಿಗೆ ಕರಾರುಪತ್ರವಿದೆ, ನೋಟಿಸಿನ ಅವಧಿಯಿದೆ. ಇವನಿಗೆ ಸಾಮಾನ್ಯವಾಗಿ ಇರುವುದು ಬಾಯಿಮಾತು. ಕಾರ್ಯದರ್ಶಿ ಬದಲಾದರೆ ಆ ಮಾತೂ ಬದಲಾದೀತು. ಪರೀಕ್ಷೆಗೆ ಎರಡು ವಾರವಿರುವಾಗ ಮಗುವಿನ ಶಾಲೆಯೂ ತಪ್ಪೀತು.

ಹಕ್ಕು ಇಲ್ಲದ ಕಡೆ ಮರ್ಯಾದೆಯಾದರೂ ಇರಬೇಡವೇ? ಒಂದು ಹಾಳೆ ಸಾಕು. ಸಂಬಳ ಎಷ್ಟು, ಹೆಂಡತಿಯ ದುಡಿಮೆಗೆ ಬೇರೆ ಎಷ್ಟು, ವಾರದ ರಜೆ ಯಾವತ್ತು, ರಾತ್ರಿ ಎಷ್ಟು ಗಂಟೆಯ ನಂತರ ಕರೆಯಬಾರದು, ಬಿಡಿಸುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು – ಇಷ್ಟು ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಯಾರ ಆಸ್ತಿಯೂ ಕರಗುವುದಿಲ್ಲ. ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಮೋಟರು ಸ್ವಿಚ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿಸಿದರೆ ಒಬ್ಬ ಮನುಷ್ಯನಿಗೆ ರಾತ್ರಿಯ ನಿದ್ದೆ ಕೊಟ್ಟಂತಾಯಿತು.

ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ಮುಂದಿನ ಸಭೆಯಲ್ಲಿ ಬಣ್ಣ ಬಳಿಸುವ ವಿಷಯ ಬಂದೇ ಬರುತ್ತದೆ. ಅದರ ಕೆಳಗೆ ಇದನ್ನೂ ಒಂದು ಸಾಲು ಸೇರಿಸಿ.