ಹೊಸ ಮೋಟಾರು ಸೈಕಲ್ಲಿನ ವಿಮೆ: ಕಂತು ಎಷ್ಟು, ರಕ್ಷಣೆ ಯಾರಿಗೆ?



ಅಡಿಕೆಯ ಹಣ ಕೈಸೇರುವ ತಿಂಗಳುಗಳಲ್ಲಿ ನಮ್ಮ ಅರಕೆರೆ ಭಾಗದ ಮನೆಗಳಿಗೆ ಹೊಸ ಮೋಟಾರು ಸೈಕಲ್ಲುಗಳು ಬರುವುದುಂಟು. ಹದಿನೆಂಟು ತುಂಬಿದ ಮಗ ಹಟ ಹಿಡಿಯುತ್ತಾನೆ, ತಂದೆ ಹಣ ಕಟ್ಟುತ್ತಾರೆ. ಬಿಲ್ಲಿನಲ್ಲಿ ವಿಮೆಯ ಬಾಬ್ತು ಕಂಡಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹುಡುಗ ಹೊಸಬನೆಂದು ಹೆಚ್ಚು ಹಾಕಿರಬಹುದೇ ಎಂದು ಕಚೇರಿಗೆ ಬಂದು ಕೇಳುವವರಿದ್ದಾರೆ.

ಹಾಗೇನೂ ಇಲ್ಲ. ಇಂಗ್ಲೆಂಡಿನಲ್ಲಿ ಸವಾರನ ವಯಸ್ಸು, ಅನುಭವ ನೋಡಿ ಕಂತು ಏರಿಸುತ್ತಾರೆ. ನಮ್ಮಲ್ಲಿ ಕಾನೂನು ಕಡ್ಡಾಯ ಮಾಡಿರುವ ಮೂರನೆಯವರ ವಿಮೆಗೆ ಸರ್ಕಾರವೇ ಎಂಜಿನ್ನಿನ ಗಾತ್ರದ ಮೇಲೆ ದರ ಗೊತ್ತುಮಾಡುತ್ತದೆ. ಇಪ್ಪತ್ತರ ಹುಡುಗನಿಗೂ ಅರವತ್ತರ ಯಜಮಾನರಿಗೂ ಒಂದೇ ದರ. ಮೊತ್ತ ದೊಡ್ಡದಾಗಿ ಕಾಣುವುದಕ್ಕೆ ಕಾರಣ ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಕಂತನ್ನು ಒಟ್ಟಿಗೇ ಕಟ್ಟಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿ.ಸಿ.ವರೆಗಿನ ಗಾಡಿಗೆ ಇದು ರೂ. 3,851, ಅದಕ್ಕೆ ಮೇಲ್ಪಟ್ಟು 350 ಸಿ.ಸಿ.ವರೆಗೆ ರೂ. 7,365. ತೆರಿಗೆ ಬೇರೆ. 160 ಸಿ.ಸಿ. ಗಾಡಿಯ ಶೋಕಿಗೆ ವಿಮೆಯಲ್ಲೇ ಮೂರೂವರೆ ಸಾವಿರ ಹೆಚ್ಚು ಬೀಳುತ್ತದೆ ಎಂಬುದನ್ನು ಮಗನಿಗೆ ಅಂಗಡಿಗೆ ಹೋಗುವ ಮೊದಲೇ ತಿಳಿಸಿರಿ. ಹೋದ ಮೇಲೆ ಅವನ ಕಿವಿಗೆ ಬೀಳದು.

ಕಂತಿಗಿಂತ ನಮಗೆ ಹೆಚ್ಚು ಯೋಚನೆ ತರಿಸಿರುವುದು ಇನ್ನೊಂದು ಸಂಗತಿ. ಈ ಕಡ್ಡಾಯ ವಿಮೆ ರಕ್ಷಿಸುವುದು ನಮ್ಮ ಗಾಡಿಯಿಂದ ಪೆಟ್ಟು ತಿಂದ ಹೊರಗಿನವರನ್ನು. ಸವಾರನಿಗೆ ಅದರಲ್ಲಿ ಏನೂ ಇಲ್ಲ. ಹಿಂದೆ ಕುಳಿತವರಿಗೂ ಇಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಯಿಯನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ, ಆಳನ್ನು ತೋಟಕ್ಕೆ ಹಿಂದೆ ಕೂರಿಸಿಕೊಂಡು ಹೋಗದ ಮನೆ ನಮ್ಮಲ್ಲಿ ಯಾವುದಿದೆ? ಸಮಗ್ರ ಪಾಲಿಸಿ ಇದ್ದರೆ ಹಿಂಬದಿ ಸವಾರರೂ ಅದರಲ್ಲಿ ಸೇರುತ್ತಾರೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ತಿಳಿಸಿದೆ. ಕೆಲವು ನೂರು ರೂಪಾಯಿ ಉಳಿಸಲು ಬರೀ ಕಡ್ಡಾಯ ವಿಮೆಗೆ ನಿಲ್ಲುವುದು ನಮ್ಮ ದೃಷ್ಟಿಯಲ್ಲಿ ಜಾಣತನವಲ್ಲ.

ಇನ್ನು ಹದಿನೈದು ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಇದು ನೋಂದಣಿ ಪತ್ರದಲ್ಲಿ ಹೆಸರಿದ್ದು, ಚಾಲನಾ ಪರವಾನಗಿ ಇರುವ ಮಾಲೀಕನಿಗೆ ಮಾತ್ರ. ನಮ್ಮಲ್ಲಿ ಗಾಡಿ ತಂದೆಯ ಹೆಸರಿನಲ್ಲಿ, ಓಡಿಸುವವನು ಮಗ. ಹೀಗಿರುವಾಗ ಮಗನಿಗೆ ಏನಾದರೂ ಆದರೆ ಆ ಹದಿನೈದು ಲಕ್ಷ ಮನೆಗೆ ಬರುವುದಿಲ್ಲ. ಇಳಕಲ್ಲಿನಿಂದ ಗುಡೂರಿಗೆ ಎರವಲು ಮೋಟಾರು ಸೈಕಲ್ಲಿನಲ್ಲಿ ಹೊರಟವರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನಡಿ ಅವನ ವಾರಸುದಾರರಿಗೆ ಹಕ್ಕಿಲ್ಲ ಎಂದು 2009ರಲ್ಲಿ ತೀರ್ಪಾಯಿತು. ಬೇರೆ ಕಲಮಿನಡಿ ವಿಚಾರಿಸಲೆಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿದರು. ಮನೆಯವರು ಅಲೆದದ್ದು ಎಷ್ಟೋ!

ಆದ್ದರಿಂದ ಓಡಿಸುವ ಮಗನಿಗೆ ಪರವಾನಗಿ ಬಂದ ಮೇಲೆ ಗಾಡಿಯನ್ನು ಅವನ ಹೆಸರಿಗೇ ಕೊಳ್ಳುವುದು ಲೇಸು. ಆಗದಿದ್ದರೆ ಅವನ ಹೆಸರಿಗೆ ಪ್ರತ್ಯೇಕ ಅಪಘಾತ ಪಾಲಿಸಿ ಮಾಡಿಸಬೇಕು. ಹದಿನೆಂಟು ತುಂಬದವನ ಕೈಗೆ ಗಾಡಿ ಕೊಟ್ಟು ಅವನು ತಪ್ಪು ಮಾಡಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ರೂ. 25,000 ದಂಡ, ಮೂರು ವರ್ಷದವರೆಗೆ ಸೆರೆವಾಸ.

ಕ್ಲೇಮು ಮಾಡದ ಮೊದಲ ವರ್ಷಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ, ಮುಂದೆ ಶೇ. 50ರವರೆಗೆ ಏರುತ್ತದೆ. ಅವಧಿ ಮುಗಿದು 90 ದಿನ ದಾಟಿದರೆ ಅದೆಲ್ಲ ಹೋಯಿತು. ಐದು ವರ್ಷಕ್ಕೆ ಕಟ್ಟಿದ್ದೇವೆಂದು ಪಾಲಿಸಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿರಿ. ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಓದಿ ತಿಳಿಯದಿದ್ದರೆ ಪಾಲಿಸಿಯನ್ನು ಸಂಘದ ಕಚೇರಿಗೆ ತನ್ನಿರಿ, ಕುಳಿತು ನೋಡೋಣ.