ಕಡಲಿಗೆ ಬೀಗ ಬಿದ್ದ ಬಗೆ

ಜುಲೈ ಕೊನೆಯ ವಾರ ಮಲ್ಪೆಯ ದಕ್ಕೆಗೆ ಹೋದರೆ ನೀರೇ ಕಾಣುವುದಿಲ್ಲ. ಒಂದಕ್ಕೊಂದು ಹಗ್ಗ ಬಿಗಿದುಕೊಂಡು ಸಾಲುಸಾಲಾಗಿ ನಿಂತ ಬೋಟುಗಳ ಮೇಲೆ ಕಾಲಿಡುತ್ತಾ ಈಚೆಯಿಂದ ಆಚೆಗೆ ನಡೆದೇ ಹೋಗಬಹುದು ಅನ್ನಿಸುತ್ತದೆ. ಶೆಡ್ಡಿನೊಳಗೆ ಹರಿದ ಬಲೆ ಸರಿಮಾಡುವವರು, ಎಂಜಿನ್ ಬಿಚ್ಚಿ ಕೂತ ಮೆಕ್ಯಾನಿಕ್ಕುಗಳು, ಬಣ್ಣದ ಡಬ್ಬ ಹಿಡಿದ ಹುಡುಗರು. ಎಲ್ಲರ ಕಣ್ಣೂ ಜುಲೈ 31ರ ನಡುರಾತ್ರಿಯ ಮೇಲೆ. ಜೂನ್ 1ರಂದು ಶುರುವಾದ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುವುದು ಆಗ.

ಈ 61 ದಿನ ಯಾಕೆ ಎಂದು ಕೇಳಿದರೆ, ಅದು ಮೀನು ಮೊಟ್ಟೆಯಿಡುವ ಕಾಲ ಎಂಬ ಉತ್ತರ ಥಟ್ಟನೆ ಬರುತ್ತದೆ. ಸುಳ್ಳಲ್ಲ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಆಳದ ತಣ್ಣನೆಯ, ಸತ್ವಭರಿತ ನೀರು ಮೇಲಕ್ಕೆ ಬರುತ್ತದೆ, ಅದರಲ್ಲಿ ಸೂಕ್ಷ್ಮ ಜೀವಿಗಳು ತುಂಬಿಕೊಳ್ಳುತ್ತವೆ, ಬೂತಾಯಿ ಬಂಗುಡೆಗಳ ಮರಿಗಳಿಗೆ ಅದೇ ಹಾಲು. ಆದರೆ ಈ ಕಾನೂನು ಹುಟ್ಟಿದ್ದು ಮೀನಿನ ಮೇಲಿನ ಕರುಣೆಯಿಂದಲ್ಲ. ಕಡಲು ಯಾರದು ಎಂಬ ಜಗಳದಿಂದ. ಆ ಜಗಳವನ್ನು ಮರೆತು ನಿಷೇಧವನ್ನು ಬರೀ ಪರಿಸರದ ಕ್ರಮವೆಂದು ನೋಡಿದರೆ ಅದರ ಅರ್ಧ ಜೀವವೇ ಹೋಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಎಂಜಿನ್ ಬರುವ ಮುಂಚೆ ಕಡಲಿಗೆ ಬೀಗ ಹಾಕಲು ಸರ್ಕಾರ ಬೇಕಿರಲಿಲ್ಲ. ಕಾರ್ತೆಲ್ ತಿಂಗಳ ಗಾಳಿ ಎದ್ದು ಅಳಿವೆಯ ಬಾಯಲ್ಲಿ ತೆರೆ ಮುರಿಯತೊಡಗಿದರೆ ಹುಟ್ಟು ಹಾಕಿ ಹೋಗುವ ದೋಣಿ ದಾಟುವುದು ಸಾಧ್ಯವೇ ಇರಲಿಲ್ಲ. ಆಟಿ ತಿಂಗಳು ಕಳೆಯುವ ತನಕ ಮನೆಯಲ್ಲಿ ಒಣಮೀನಿನ ಸಾರು. ತೂಫಾನು ಎದ್ದು ಕಡಲು ಕದಡಿ ಸಿಗಡಿ ದಡದ ಹತ್ತಿರ ಬಂದಾಗ ಮಾತ್ರ ಗಟ್ಟಿಗರು ನಾಡದೋಣಿ ಇಳಿಸುತ್ತಿದ್ದರು. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡಿದ ಮೇಲೆ ಹೊಸ ಋತು. ಬೀಗ ಹಾಕುವುದೂ ತೆಗೆಯುವುದೂ ಕಡಲಿನದೇ ಕೆಲಸವಾಗಿತ್ತು.

ಬ್ರಿಟಿಷರ 1897ರ ಮೀನುಗಾರಿಕೆ ಕಾಯ್ದೆಗೂ ಕಡಲಿನ ಬಗ್ಗೆ ಹೆಚ್ಚಿನ ಚಿಂತೆ ಇರಲಿಲ್ಲ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯಬಾರದು ಎಂದಿತು. ಸಮುದ್ರದಲ್ಲಿ ಅದರ ಕೈ ಚಾಚುತ್ತಿದ್ದುದು ದಡದಿಂದ ಒಂದು ಲೀಗ್, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ದೂರಕ್ಕೆ. ಅದರಾಚೆ ಹೋಗಿ ಕಡಲನ್ನು ಬರಿದು ಮಾಡಬಲ್ಲವರು ಆಗ ಯಾರಿದ್ದರು?

1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಉದ್ದೇಶ ಒಳ್ಳೆಯದೇ: ಬಡ ಮೀನುಗಾರರ ದೋಣಿಗೆ ಎಂಜಿನ್, ಮೀನಿಗೆ ಐಸು, ಊರಿಗೆ ಆರೋಗ್ಯ ಕೇಂದ್ರ, ಕುಡಿಯುವ ನೀರು. ಆದರೆ ಯಾರೂ ಎಣಿಸದ ಒಂದು ಸಂಗತಿ ನಡುವೆ ನುಗ್ಗಿತು. ಸಿಗಡಿಗೆ ಅಮೆರಿಕ, ಜಪಾನುಗಳಲ್ಲಿ ಬಂಗಾರದ ಬೆಲೆ ಬಂತು. ಕಡಲ ತಳ ಕೆರೆದು ಸಿಗಡಿ ಎಳೆಯುವ ಟ್ರಾಲ್ ಬಲೆಗೆ ದುಡ್ಡು ಹರಿಯಿತು, ಕಡಲು ಕಂಡಿರದವರೂ ಬೋಟಿನ ಮಾಲೀಕರಾದರು. ತೊಡಕು ಇದ್ದದ್ದು ಇಲ್ಲಿ: ಸಿಗಡಿ ಇರುವುದು ದಡದ ಹತ್ತಿರದ ಕೆಸರು ತಳದಲ್ಲಿ. ನಾಡದೋಣಿಯವನು ಬಲೆ ಬಿಡುವುದೂ ಅದೇ ಹತ್ತು ಹದಿನೈದು ಮಾರು ನೀರಿನಲ್ಲಿ. ಎಂಜಿನ್ ಬೋಟು ಆಳಕ್ಕೆ ಹೋಗಬೇಕಿತ್ತು, ಬದಲಿಗೆ ಬಡವನ ಅಂಗಳಕ್ಕೇ ಬಂತು.

ನಮ್ಮ ಕರಾವಳಿಯಲ್ಲಿ ಏಟು ಬಿದ್ದದ್ದು ಟ್ರಾಲ್ ಬಲೆಗಿಂತ ಹೆಚ್ಚಾಗಿ ಪರ್ಸೀನ್ ಬಲೆಯಿಂದ. ಅದಕ್ಕೆ ಮುಂಚೆ ಇದ್ದ ರಂಪಣಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ರಂಪಣಿ ಒಬ್ಬನ ಬಲೆಯಲ್ಲ. ಊರಿನ ಹಲವು ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿ ಮಾಡಿದ್ದು. ನೀರಿನ ಬಣ್ಣ ನೋಡಿ ಬಂಗುಡೆಯ ಹಿಂಡು ಬಂದಿದೆ ಎಂದು ಹೇಳಬಲ್ಲ ಹಿರಿಯನೊಬ್ಬ ದಡದಲ್ಲಿ ಕಾದು ನಿಲ್ಲುತ್ತಿದ್ದ. ಅವನ ಸನ್ನೆ ಸಿಕ್ಕಿದ್ದೇ ದೊಡ್ಡ ದೋಣಿ ಬಲೆಯನ್ನು ಬಿಲ್ಲಿನಂತೆ ಬಾಗಿಸಿ ಬಿಡುತ್ತಾ ಹಿಂಡನ್ನು ಸುತ್ತಿ ಮತ್ತೆ ದಡಕ್ಕೆ ಬರುತ್ತಿತ್ತು. ಆಮೇಲೆ ಎರಡೂ ತುದಿಗೆ ಊರೇ ಕೈಹಚ್ಚುತ್ತಿತ್ತು. ಮೀನು ಬಿದ್ದ ಮೇಲೆ ಬಲೆಯವರಿಗಿಷ್ಟು, ದೋಣಿಗಿಷ್ಟು, ಎಳೆದವರಿಗಿಷ್ಟು ಎಂದು ಪಾಲು. ಯಾರಿಗೆ ಎಷ್ಟು, ಯಾವ ಊರಿನವರು ಎಲ್ಲಿ ಬಲೆ ಬಿಡಬೇಕು ಎಂಬುದೆಲ್ಲ ಕಾಗದದಲ್ಲಿ ಬರೆಯದ ಕಟ್ಟಳೆ. ತಕರಾರು ಬಂದರೆ ಊರಿನ ಮುಖ್ಯಸ್ಥ ಗುರಿಕಾರನ ಮಾತು ಕಡೆಯದು. ಕರಾವಳಿಯ ಮೀನುಗಾರಿಕೆ ಕಾನೂನಿನ ಮೊದಲ ಪುಟ ಇದು ಎಂದು ನಾನು ಎಣಿಸುತ್ತೇನೆ.

1970ರ ದಶಕದ ನಡುವಿನಲ್ಲಿ ಮಂಗಳೂರಿನ ಕಡೆ ಪರ್ಸೀನ್ ಬಂತು. ಮೀನಿನ ಹಿಂಡು ದಡಕ್ಕೆ ಬರುವ ತನಕ ಕಾಯುವ ಗೋಜೇ ಇಲ್ಲ. ಬೋಟು ಕಡಲಿನ ನಡುವೆಯೇ ಹಿಂಡನ್ನು ಸುತ್ತುವರಿದು, ಎಲೆಯಡಿಕೆ ಸಂಚಿಯ ಬಾಯಿ ಬಿಗಿದಂತೆ ಬಲೆಯ ತಳವನ್ನು ಹಗ್ಗದಿಂದ ಬಿಗಿಯುತ್ತದೆ. ಹತ್ತಾರು ವರ್ಷಗಳಲ್ಲ, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ದಡದಲ್ಲಿ ಹಗ್ಗ ಹಿಡಿಯುತ್ತಿದ್ದ ನೂರಾರು ಕೈಗಳು ಬರಿದಾದವು. ಕೆಲವರು ಪಾಲು ಹಾಕಿ ಪರ್ಸೀನ್ ಬೋಟು ಕೊಂಡರು, ಹಲವರು ಅದೇ ಬೋಟುಗಳಿಗೆ ಆಳುಗಳಾಗಿ ಹತ್ತಿದರು. ಈಗ ಅಲ್ಲಲ್ಲಿ ಕಾಣುವ ಕೈರಂಪಣಿ ಆ ದೊಡ್ಡ ಬಲೆಯ ಮೊಮ್ಮಗು.

ಗೋವಾದಲ್ಲಿ ಇದೇ ರಂಪಣಿಯವರು ಬೀದಿಗೆ ಬಂದರು. ಮತಾನಿ ಸಲ್ಡಾನಾ ಮುಂದಾಳತ್ವದ ರಾಂಪೊಣ್‌ಕಾರರ ಚಳವಳಿ ಕೇಳಿದ್ದು ಇಷ್ಟೇ: ದಡದ ಹತ್ತಿರದ ಇಷ್ಟು ಕಿಲೋಮೀಟರ್ ನಮಗೆ ಬಿಡಿ. ಕೇರಳ, ತಮಿಳುನಾಡುಗಳಲ್ಲೂ ಬೋಟು ಸುಡುವ, ಬಲೆ ಕತ್ತರಿಸುವ ಗಲಭೆಗಳಾಗುತ್ತಿದ್ದವು. ಈ ಜಗಳಕ್ಕೆ ದಾರಿ ಹುಡುಕಲು ಕೇಂದ್ರ ಸರ್ಕಾರ 1976ರಲ್ಲಿ ಮಜುಂದಾರ್ ಸಮಿತಿ ನೇಮಿಸಿತು. ಅದೇ ವರ್ಷ ಸಂಸತ್ತು ಕಡಲ ವಲಯಗಳ ಕಾಯ್ದೆ ಮಾಡಿ, 200 ನಾಟಿಕಲ್ ಮೈಲಿವರೆಗಿನ ಸಂಪತ್ತಿನ ಮೇಲೆ ಭಾರತದ ಹಕ್ಕು ಸಾರಿತ್ತು. ಆದರೆ ಸಂವಿಧಾನ ಕಡಲನ್ನು ಎರಡು ಪಾಲು ಮಾಡಿದೆ. 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆ ರಾಜ್ಯದ ವಿಷಯ. ಅದರಾಚೆ ಕೇಂದ್ರದ್ದು. ಹಾಗಾಗಿ ಕೇಂದ್ರ ಒಂದು ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತು. 1980ರಲ್ಲಿ ಕೇರಳ, ಗೋವಾ ಮೊದಲು ಕಾಯ್ದೆ ಮಾಡಿದವು. ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಬಂದದ್ದು 1986ರಲ್ಲಿ. ದಡದಿಂದ 6 ಕಿಲೋಮೀಟರ್‌ವರೆಗಿನ ನೀರು ನಾಡದೋಣಿಗಳಿಗೆ ಮೀಸಲಾಯಿತು. ಅಷ್ಟು ಹೊತ್ತಿಗೆ ರಂಪಣಿ ಹೋಗಿ ಆಗಿತ್ತು. ಈ ತಡವನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಮಳೆಗಾಲದ ನಿಷೇಧ ಮೊದಲು ಬೇರು ಬಿಟ್ಟದ್ದೂ ಕೇರಳದಲ್ಲೇ. ಅಲ್ಲಿನ ನಾಡದೋಣಿಯವರ ವಾದ ಸರಳ: ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುತ್ತದೆ, ಆಗ ತಳ ಕೆರೆಯಬೇಡಿ. ಬೋಟು ಮಾಲೀಕರ ಉತ್ತರವೂ ತೂಕದ್ದೇ: ಕೊಲ್ಲಂ ಕಡಲಿನಲ್ಲಿ ಕರಿಕ್ಕಾಡಿ ಸಿಗಡಿ ಹೇರಳವಾಗಿ ಸಿಗುವುದೇ ಮಳೆಗಾಲದಲ್ಲಿ, ಆಗ ಬಾಗಿಲು ಹಾಕಿದರೆ ನಾವು ತಿನ್ನುವುದೇನು? ಸರ್ಕಾರ ಸಮಿತಿಯ ಮೇಲೆ ಸಮಿತಿ ಮಾಡಿತು: ಬಾಬು ಪಾಲ್, ಕಲಾವಾರ್, ಆಮೇಲೆ ಬಾಲಕೃಷ್ಣನ್ ನಾಯರ್. ಉಪವಾಸ, ರಸ್ತೆ ತಡೆ, ಮೆರವಣಿಗೆಗಳ ನಡುವೆ 1988ರಲ್ಲಿ ಮಳೆಗಾಲದ ಟ್ರಾಲ್ ನಿಷೇಧ ಜಾರಿಗೆ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 1993ರ ಜೋಸೆಫ್ ಆಂಟನಿ ಪ್ರಕರಣದಲ್ಲಿ ಕೋರ್ಟು ರಾಜ್ಯದ ಕಡಲಿನಲ್ಲಿ ಪರ್ಸೀನ್ ಮುಂತಾದ ಬಲೆಗಳ ಮೇಲೆ ಕೇರಳ ಹೇರಿದ್ದ ನಿಷೇಧವನ್ನು ಎತ್ತಿಹಿಡಿಯಿತು. ಮರುವರ್ಷ ಮಳೆಗಾಲದ ಟ್ರಾಲ್ ನಿಷೇಧಕ್ಕೂ ಒಪ್ಪಿಗೆ ಕೊಟ್ಟಿತು. ಮೊದಲ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಮೀನಿನ ಸಂತತಿ ಉಳಿಸುವುದನ್ನೂ ಬಡ ಮೀನುಗಾರರ ಬದುಕು ಉಳಿಸುವುದನ್ನೂ ಕೋರ್ಟು ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿತು ಎಂಬುದು. ದುರ್ಬಲ ವರ್ಗದ ಹಿತ ಕಾಯುವುದು ಸರ್ಕಾರದ ಹೊಣೆ ಎಂಬ ಸಂವಿಧಾನದ ಮಾತನ್ನು ಅದು ಕಡಲಿಗೂ ಅನ್ವಯಿಸಿತು.

ಆಮೇಲೆ ಉಳಿದದ್ದು ದಿನಗಳ ಲೆಕ್ಕ. ಒಂದೊಂದು ರಾಜ್ಯದ ದಿನಾಂಕ ಒಂದೊಂದು ರೀತಿ ಇದ್ದಾಗ ಇಲ್ಲಿ ಬೀಗ ಹಾಕಿದ್ದ ಕಡಲಿಗೆ ಪಕ್ಕದ ರಾಜ್ಯದ ಬೋಟು ಬರುತ್ತಿತ್ತು. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ. ಕೇಂದ್ರದ ವಲಯದಲ್ಲಿ ಅಲ್ಲಿಯವರೆಗೆ 47 ದಿನ ಇದ್ದ ನಿಷೇಧ 2015ರಲ್ಲಿ 61 ದಿನಕ್ಕೆ ಏರಿತು: ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಪೂರ್ವಕ್ಕೆ ಏಪ್ರಿಲ್ 15ರಿಂದ ಜೂನ್ 14. ಕರ್ನಾಟಕ ಅದನ್ನೇ ತನ್ನದಾಗಿಸಿಕೊಂಡಿತು. ಕೇರಳ ಮಾತ್ರ ತನ್ನ 22 ಕಿಲೋಮೀಟರಿನೊಳಗೆ ಬೇರೆಯೇ ಲೆಕ್ಕ ಇಟ್ಟುಕೊಂಡಿದೆ; 2018ರಿಂದ ಅಲ್ಲಿ 52 ದಿನ. ಕೋವಿಡ್ ಲಾಕ್‌ಡೌನಿನಿಂದ ಬೋಟುಗಳು ಮೊದಲೇ ದಡದಲ್ಲಿದ್ದ 2020ರಲ್ಲಿ ಕೇಂದ್ರ ಆ ವರ್ಷದ ಮಟ್ಟಿಗೆ ಮತ್ತೆ 47ಕ್ಕೆ ಇಳಿಸಿತು. 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ನಮ್ಮಲ್ಲಿ ವಿನಾಯಿತಿ ಇದೆ. ತೂಫಾನಿನ ನಂತರ ದೋಣಿ ಇಳಿಸುತ್ತಿದ್ದ ಹಳೆಯ ಪದ್ಧತಿ ಈ ಒಂದು ಸಾಲಿನಲ್ಲಿ ಬದುಕಿ ಉಳಿದಿದೆ.

ಎರಡು ತಿಂಗಳು ಬೋಟು ನಿಂತರೆ ಮೊದಲು ಬರಿದಾಗುವುದು ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿನ ಕೈ. ಮೀನುಗಾರ ಕುಟುಂಬಗಳಿಗೆ ಉಳಿತಾಯ ಮತ್ತು ಪರಿಹಾರ ಎಂಬ ಯೋಜನೆ ಇದೆ: ಮೀನುಗಾರ ಕೂಡಿಟ್ಟ 1,500 ರೂಪಾಯಿಗೆ ಸರ್ಕಾರ 3,000 ಸೇರಿಸಿ, ನಿಷೇಧವೂ ಮೀನು ಕಡಿಮೆಯ ದಿನಗಳೂ ಸೇರಿದ ಮೂರು ತಿಂಗಳಲ್ಲಿ ಹಂಚಿ ಕೊಡುತ್ತಾ ಬಂದಿದೆ. ತಿಂಗಳಿಗೆ 1,500. ಮಳೆಗಾಲದಲ್ಲಿ ಸೂರು ಸೋರುವ ಮನೆಗೆ, ಶಾಲೆ ಶುರುವಾಗುವ ಜೂನ್ ತಿಂಗಳಿಗೆ ಅದು ಯಾವ ಮೂಲೆಗೆ ಸಾಕು? ಕಡಲು ಉಳಿಸುವ ಖರ್ಚನ್ನು ಅತಿ ಬಡವರೇ ಹೊರಬೇಕು ಎನ್ನುವುದು ನ್ಯಾಯವಲ್ಲ. ಬೋಟುಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಈ ಎರಡು ತಿಂಗಳು ಊರಿಗೆ ಹೋಗುತ್ತಾರೆ; ಅವರ ಲೆಕ್ಕ ಇಟ್ಟವರು ಕಡಿಮೆ.

ಇನ್ನು ಉಳಿದ ಹತ್ತು ತಿಂಗಳು. ರಾತ್ರಿ ಜನರೇಟರ್ ಹಚ್ಚಿ ಪ್ರಖರ ಎಲ್‌ಇಡಿ ದೀಪ ಬಿಟ್ಟು ಮೀನನ್ನು ಒಂದೆಡೆ ಸೆಳೆದು ಬಳಿಯುವ ಲೈಟ್ ಫಿಶಿಂಗನ್ನೂ, ಎರಡು ಬೋಟು ಜೋಡಿಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ 2017ರ ನವೆಂಬರಿನಲ್ಲಿ ಕೇಂದ್ರ ತನ್ನ ವಲಯದಲ್ಲಿ ನಿಷೇಧಿಸಿತು. ಮಲ್ಪೆ, ಮಂಗಳೂರು, ಕಾರವಾರದ ನಾಡದೋಣಿಯವರು ಈಗಲೂ ಮನವಿ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತುವುದು ಈ ಎರಡರ ವಿಷಯಕ್ಕೇ. ಟ್ರಾಲ್ ಬಲೆಯ ಬಾಲದ ಚೀಲದ ಕಣ್ಣು 35 ಮಿಲಿಮೀಟರಿಗಿಂತ ಸಣ್ಣದಿರಬಾರದು ಎಂಬುದೂ ನಿಯಮ. ದಕ್ಕೆಯಲ್ಲಿ ಬೆರಳುದ್ದದ ಮರಿಮೀನಿನ ರಾಶಿ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ಏರುವುದನ್ನು ನೋಡಿದವರಿಗೆ ಆ ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂದು ಹೇಳಬೇಕಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಕಡಲಿನ ಬಿಸಿ, ಎಲ್ ನಿನೊ ಇದಕ್ಕೆ ದೊಡ್ಡ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಮರಿಗಳನ್ನೇ ಬಳಿದದ್ದೂ ಅದಕ್ಕೆ ಕೂಡಿಕೊಂಡಿತು. ನಿಷೇಧ ಪ್ರತಿ ವರ್ಷವೂ ಇತ್ತು. ಮರಿ ಹುಟ್ಟಲು ಎರಡು ತಿಂಗಳು ಬಿಟ್ಟು, ಮೂರನೆಯ ತಿಂಗಳಲ್ಲಿ ಆ ಮರಿಗಳನ್ನೇ ಹಿಡಿದರೆ ಬೀಗ ಹಾಕಿ ಫಲವೇನು?

ಆಗಸ್ಟ್ 1ಕ್ಕೆ ಕಾನೂನಿನ ಕಡಲು ತೆರೆಯುತ್ತದೆ. ನೂಲ ಹುಣ್ಣಿಮೆ ಬರುವುದು ಸಾಮಾನ್ಯವಾಗಿ ಅದರ ನಂತರ, ಕೆಲವೊಮ್ಮೆ ತಿಂಗಳ ಕೊನೆಗೆ. ಡೀಸೆಲ್ ತುಂಬಿ, ಐಸು ಹೇರಿ ಸಿದ್ಧವಾಗಿದ್ದರೂ ಸಮುದ್ರ ಪೂಜೆಯಾಗದೆ ಬೋಟು ಬಿಡದ ತಾಂಡೇಲರು, ಅಂದರೆ ಬೋಟಿನ ಮುಂದಾಳುಗಳು, ಇದ್ದಾರೆ. ಹುಣ್ಣಿಮೆಯಂದು ಮಲ್ಪೆಯ ವಡಭಾಂಡೇಶ್ವರದ ದಡದಲ್ಲಿ ಜನ ಮೊಣಕಾಲು ನೀರಿಗಿಳಿದು ಹಾಲು ಎರೆಯುತ್ತಾರೆ, ತೆರೆ ಅದನ್ನು ಒಯ್ಯುತ್ತದೆ, ತೆಂಗಿನಕಾಯಿಗಳು ಒಂದೆರಡು ಸಲ ದಡಕ್ಕೇ ಮರಳಿ ಬಂದು ಆಮೇಲೆ ಅಲೆಯ ಜೊತೆ ಹೋಗುತ್ತವೆ.